ಗಂಟು ಬೀಳುತ್ತಿದ್ದ ಜಾಗ

ಮದುವೆಯಾದಾಗಿನಿಂದ ಲಂಗದ ಲಾಡಿಯನ್ನು ನಾನು ಬಲಗಡೆಗೇ ಗಂಟು ಹಾಕುತ್ತಿದ್ದೆ. ಅದೂ ಬಿಗಿಯಾಗಿ. ಅಂಗನವಾಡಿಯಲ್ಲಿ 28 ವರ್ಷ ಕೆಲಸ. ಮಕ್ಕಳನ್ನು ಎತ್ತಿಕೊಂಡು ಬಗ್ಗಿ ಏಳುವಾಗ ಸೀರೆ ಜಾರಬಾರದಲ್ಲ. ಸಾಲದ್ದಕ್ಕೆ ಬೀಗದ ಕೈ, ಚಿಲ್ಲರೆ ಪರ್ಸು ಎರಡನ್ನೂ ಅಲ್ಲೇ ಸಿಕ್ಕಿಸುವ ಅಭ್ಯಾಸ. ಸೊಂಟದ ಸುತ್ತ ಕಪ್ಪು ಗೆರೆ ಯಾವಾಗ ಬಿತ್ತೋ ಗೊತ್ತಿಲ್ಲ. ನಮ್ಮಮ್ಮನಿಗೂ ಇತ್ತು, ಅತ್ತೆಗೂ ಇತ್ತು. ಅದನ್ನು ಯಾರು ಕಾಯಿಲೆ ಅನ್ನುತ್ತಾರೆ?

ನಿವೃತ್ತಿಯಾದ ವರ್ಷ ಗಂಟಿನ ಜಾಗದಲ್ಲಿ ತುರಿಕೆ ಶುರುವಾಯಿತು. ಹಕ್ಕಳೆ ಕಟ್ಟುವುದು, ಲಾಡಿ ಉಜ್ಜಿ ಕೀಳುವುದು, ಮತ್ತೆ ಕಟ್ಟುವುದು. ಕೊಬ್ಬರಿ ಎಣ್ಣೆಗೆ ಅರಿಸಿನ ಕಲಸಿ ಹಚ್ಚಿದೆ. ಮೆಡಿಕಲ್ ಶಾಪಿನ ಹುಡುಗ ಕೊಟ್ಟ ಟ್ಯೂಬು ಹಚ್ಚಿದರೆ ನಾಲ್ಕು ದಿನ ತಣ್ಣಗಿರುತ್ತಿತ್ತು, ಬಿಟ್ಟರೆ ಇಮ್ಮಡಿ. ಅದರಲ್ಲಿ ಸ್ಟೀರಾಯ್ಡ್ ಇತ್ತೆಂದು ತಿಳಿದದ್ದು ಬಹಳ ಆಮೇಲೆ.

ಕೊನೆಗೆ ತಾಲ್ಲೂಕು ಊರಿನ ಚರ್ಮದ ಕ್ಲಿನಿಕ್ಕಿಗೆ ಹೋದೆ. ಬಾಗಿಲತನಕ ಜನ, ಹೆಚ್ಚಿನವರು ಮೊಡವೆಗೆ, ಕೂದಲು ಉದುರುವುದಕ್ಕೆ ಬಂದ ಹುಡುಗ ಹುಡುಗಿಯರು. ಗಂಡು ಡಾಕ್ಟರು. "ತೋರಿಸಿ" ಎಂದರು. ನಿಂತಲ್ಲೇ ಸೀರೆಯನ್ನು ಎರಡು ಬೆರಳು ಕೆಳಗೆ ಎಳೆದೆ, ಅಷ್ಟೇ. ಅವರೂ ಕುರ್ಚಿಯಿಂದ ಏಳಲಿಲ್ಲ. "ಬೆವರಿಗೆ ಆಗೋ ಫಂಗಸ್ಸು" ಎಂದು ಮಾತ್ರೆ, ಮುಲಾಮು ಬರೆದರು. ಎಂಟು ತಿಂಗಳಲ್ಲಿ ಮೂರು ಸಲ ಹೋದೆ, ಮೂರು ಸಲವೂ ಅದೇ ಚೀಟಿ. ನನಗೆ ಸಿಟ್ಟಿದೆ, ಸುಳ್ಳು ಯಾಕೆ ಹೇಳಲಿ. ಮುಲಾಮಿಗೆ ಮಾಯದ ಗಾಯವನ್ನು ಮೂರನೇ ಸಲವಾದರೂ ಎದ್ದು ಬಂದು ನೋಡಬೇಕಿತ್ತು. ಆದರೆ ಪೂರ್ತಿ ತೋರಿಸದೆ ಸೀರೆ ಮೇಲಕ್ಕೆಳೆದುಕೊಂಡವಳು ನಾನೇ.

ಅಷ್ಟರಲ್ಲಿ ಗಾಯ ಐದು ರೂಪಾಯಿ ನಾಣ್ಯದಷ್ಟಾಗಿತ್ತು. ಅಂಚು ಗಟ್ಟಿಯಾಗಿ ಎದ್ದು, ನಡುವೆ ಕುಳಿ. ನೋವು ಅಷ್ಟಿರಲಿಲ್ಲ, ಅದೇ ನನ್ನನ್ನು ಕೆಡಿಸಿದ್ದು. ಒಂದು ದಿನ ಬಟ್ಟೆ ಒಗೆಯುವಾಗ ಸೊಸೆ ಲಂಗದ ಪಟ್ಟಿಯಲ್ಲಿ ರಕ್ತ ಕಂಡು, "ಇದೇನತ್ತೆ?" ಎಂದಳು. ಮರುದಿನವೇ ದಾವಣಗೆರೆಗೆ ಹೊರಡಿಸಿದಳು.

ಅದೂ ಸಣ್ಣ ಕ್ಲಿನಿಕ್ಕೇ. ಹೆಣ್ಣು ಡಾಕ್ಟರು, ನನ್ನ ಮಗಳ ವಯಸ್ಸು. ಪರದೆ ಎಳೆದು, ಮಲಗಿಸಿ, ಲಾಡಿಯನ್ನು ತಾವೇ ಬಿಚ್ಚಿದರು. ಬೆಳಕು ಬಿಟ್ಟು ನೋಡಿದರು, ಅಂಚು ಒತ್ತಿದರು, ಗಡ್ಡೆ ಇದೆಯೇ ಎಂದು ತೊಡೆಸಂದಿನಲ್ಲಿ ಬೆರಳಾಡಿಸಿದರು. ಆಮೇಲೆ ಕೇಳಿದರು: "ಅಮ್ಮಾ, ಗಂಟು ಯಾವಾಗಲೂ ಈ ಕಡೆಗೇ ಹಾಕ್ತೀರಾ?" ಅಷ್ಟು ದಿನ ಯಾರೂ ಕೇಳದ ಪ್ರಶ್ನೆ.

ಮರಗಟ್ಟಿಸುವ ಸೂಜಿ ಕೊಟ್ಟು, 4 ಮಿಲಿಮೀಟರಿನ ಕೊಳವೆಯಂಥ ಬ್ಲೇಡಿನಿಂದ ಒಂದು ಚೂರು ತೆಗೆದರು. ಒಂದು ಹೊಲಿಗೆ. ಕಾಫಿ ಕಾಸುವಷ್ಟು ಹೊತ್ತೂ ಹಿಡಿಯಲಿಲ್ಲ. ಬಯಾಪ್ಸಿ ಎಂದರೆ ಇಷ್ಟೇಯೇ ಎಂದು ಹೊಟ್ಟೆ ಉರಿಯಿತು.

ವಾರ ಕಳೆದು ರಿಪೋರ್ಟ್ ಬಂತು: ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ಮಗ ಮೊಬೈಲಿನಲ್ಲಿ ಅರ್ಥ ಹುಡುಕಿ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟ. ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದ್ದರು. ಒಂದೇ ಜಾಗ ವರ್ಷಗಟ್ಟಲೆ ಉಜ್ಜಿ, ಹುಣ್ಣಾಗಿ, ಮಾಯದೆ ಉಳಿದರೆ ಹೀಗೆ ತಿರುಗುವುದುಂಟಂತೆ. ಅದಕ್ಕೆ ಮಾರ್ಜೊಲಿನ್ ಹುಣ್ಣು ಎಂದು ಹೆಸರು. ಕಾಶ್ಮೀರದಲ್ಲಿ ಚಳಿಗೆಂದು ನಿಲುವಂಗಿಯೊಳಗೆ ಕೆಂಡದ ಕಾಂಗ್ಡಿ ಇಟ್ಟುಕೊಳ್ಳುವವರಿಗೆ ಹೊಟ್ಟೆ, ತೊಡೆಯ ಮೇಲೆ ಚರ್ಮದ ಕ್ಯಾನ್ಸರ್ ಏಳುತ್ತದಂತೆ. ಅವರಿಗೆ ಕೆಂಡ, ನಮಗೆ ಲಾಡಿ.

"ಇಲ್ಲಿಂದ ಮುಂದಿನದು ಸರ್ಜನ್ ಕೆಲಸ" ಎಂದು ಅವರು ಪತ್ರ ಕೊಟ್ಟರು. ಆಯುಷ್ಮಾನ್ ಕಾರ್ಡಿನಲ್ಲಿ ಆಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಅದಕ್ಕೇ ಎರಡು ದಿನ, ಮೂರು ಕೌಂಟರು. ತೊಡೆಸಂದಿನ ಸ್ಕ್ಯಾನಿನಲ್ಲಿ ಗಡ್ಡೆ ಕಾಣಲಿಲ್ಲ. ಗಾಯದ ಸುತ್ತ ಒಳ್ಳೆಯ ಚರ್ಮವನ್ನೂ ಸೇರಿಸಿ ಕತ್ತರಿಸಿ, ತೊಡೆಯಿಂದ ತೆಳ್ಳಗೆ ಚರ್ಮ ಹೆರೆದು ಅಲ್ಲಿ ಹಾಕಿದರು. ಯಾರೂ ಮೊದಲೇ ಹೇಳದ ಒಂದು ಮಾತು ಹೇಳುತ್ತೇನೆ: ಕತ್ತರಿಸಿದ ಸೊಂಟಕ್ಕಿಂತ ಹೆರೆದ ತೊಡೆಯೇ ಹೆಚ್ಚು ಉರಿಯುತ್ತದೆ. ಹತ್ತು ರಾತ್ರಿ ಮಗ್ಗುಲು ಬದಲಿಸಲಾಗದೆ ಫ್ಯಾನ್ ನೋಡುತ್ತ ಮಲಗಿದ್ದೆ. ತೆಗೆದ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ, ಕರೆಂಟು, ಅಂದರೆ ರೇಡಿಯೇಷನ್, ಕೊಡಿಸುವುದು ಬೇಡ ಎಂದಾಗಲೇ ನಾನು ಸರಿಯಾಗಿ ಅತ್ತದ್ದು.

ತೊಡೆ ಮಾಯುವ ಹೊತ್ತಿಗೆ, 2024ರ ಕೊನೆಯಲ್ಲಿ, ಪೇಪರಿನಲ್ಲಿ 'ಪೆಟಿಕೋಟ್ ಕ್ಯಾನ್ಸರ್' ಎಂದು ಬಂತು. ವಾರ್ಧಾ ಮತ್ತು ಬಿಹಾರದ ಮಧುಬನಿಯ ವೈದ್ಯರು ಇಬ್ಬರು ಹೆಂಗಸರ ವಿಷಯವನ್ನು ಬ್ರಿಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ಬರೆದಿದ್ದರು. ಮೊದಲು ಇದನ್ನು ಸೀರೆ ಕ್ಯಾನ್ಸರ್ ಅನ್ನುತ್ತಿದ್ದರಂತೆ. ತಪ್ಪು ಸೀರೆಯದಲ್ಲ, ಒಳಗಿನ ಬಿಗಿ ಹುರಿಯದು. ನಮ್ಮ ಓಣಿಯಲ್ಲಿ ಓದಿ ನಕ್ಕವರಿದ್ದರು. ನಾನು ಏನೂ ಹೇಳಲಿಲ್ಲ.

ಆರು ತಿಂಗಳು ನೈಟಿಯಲ್ಲೇ ಕಳೆದೆ. ಆಮೇಲೆ ಸಡಿಲವಾಗಿ ಸೀರೆ ಉಟ್ಟರೆ ಬೀದಿಯಲ್ಲಿ ಬಿಚ್ಚಿಹೋದ ಹಾಗೇ ಅನ್ನಿಸುತ್ತಿತ್ತು. ಬಾಣಂತನದಲ್ಲಿ ಅಮ್ಮ ಹಳೇ ಸೀರೆ ಸುತ್ತಿ ಉಸಿರು ಕಟ್ಟುವಂತೆ ನಡು ಬಿಗಿದಿದ್ದಳು. ನಡು ಸಡಿಲವಾದವಳು ಕೆಲಸಕ್ಕೆ ಬಾರದವಳು ಎಂದು ಅವಳ ಲೆಕ್ಕ. ಟೈಲರ್ ಹತ್ತಿರ ನಾಲ್ಕು ಬೆರಳು ಅಗಲದ ಪಟ್ಟಿ, ಒಳಗೆ ಸಡಿಲ ಎಲಾಸ್ಟಿಕ್ಕು ಇಟ್ಟು ಲಂಗ ಹೊಲಿಸಿದೆ. "ಇದೇನು ಟೀಚರಮ್ಮಾ, ಮಕ್ಕಳ ಚಡ್ಡಿ ಥರ!" ಎಂದು ನಕ್ಕು, ಇಪ್ಪತ್ತು ರೂಪಾಯಿ ಹೆಚ್ಚು ತೆಗೆದುಕೊಂಡ.

ಮೂರು ತಿಂಗಳಿಗೊಮ್ಮೆ ದಾವಣಗೆರೆಗೆ ಹೋಗಿ ತೋರಿಸಬೇಕು. ನಾಲ್ಕು ಸಲ ಆಗಿದೆ. ಈಗ ಪರದೆ ಎಳೆಯುವ ಮೊದಲೇ ಮಂಚ ಹತ್ತುತ್ತೇನೆ. ಡಾಕ್ಟರಮ್ಮ ಅಭ್ಯಾಸದ ಮೇಲೆ ಲಾಡಿಗೆ ಕೈ ಹಾಕುತ್ತಾರೆ, ಸಿಗುವುದಿಲ್ಲ.