ಕಸಿ

ಈ ಸಲದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ನಮ್ಮ ಕನ್ನಡ ಅಧ್ಯಾಪಕರು ಅಪ್ಪಣೆ ಮಾಡಿದಾಗ, "ಸಾರ್, ಬರೆಯುವುದಕ್ಕೆ ನನ್ನಲ್ಲಿ ವಿಷಯವೇ ಇಲ್ಲ" ಎಂದೆ. ಅವರು ನನ್ನ ಎಡಗೈಯನ್ನು ಒಮ್ಮೆ ನೋಡಿ, "ವಾರಕ್ಕೆರಡು ದಿನ ತರಗತಿ ತಪ್ಪಿಸಿ ಎಲ್ಲಿಗೆ ಹೋಗುತ್ತೀಯೋ ಅದನ್ನೇ ಬರೆಯಮ್ಮ" ಎಂದರು. ಗುರುಗಳ ಮಾತನ್ನು ಮೀರಲಾರದೆ ಬರೆಯುತ್ತಿದ್ದೇನೆ. ರೋಗದ ಕಥೆ ಯಾರಿಗೂ ಪ್ರಿಯವಲ್ಲವೆಂಬುದನ್ನು ಬಲ್ಲೆ. ಆ ಭಾಗವನ್ನು ಬೇಗನೆ ದಾಟಿಬಿಡುತ್ತೇನೆ. ವಾಚಕರು ಸ್ವಲ್ಪ ಸೈರಿಸಬೇಕು.

ಮೊದಲನೆಯ ಬಿ.ಎ. ತರಗತಿಯಲ್ಲಿದ್ದಾಗ ನನ್ನ ಕಾಲು ಊದಿಕೊಂಡಿತು, ಆಮೇಲೆ ಮುಖ ಊದಿಕೊಂಡಿತು, ಊಟ ಸೇರದಾಯಿತು. ಊರಿನವರು ದೃಷ್ಟಿಯೆಂದರು, ಗಾಳಿಯೆಂದರು. ಕಡೆಗೆ ರಕ್ತಪರೀಕ್ಷೆಯಾದಾಗ ನನ್ನ ಎರಡು ಮೂತ್ರಪಿಂಡಗಳೂ ಕೆಲಸವನ್ನು ಬಹುಮಟ್ಟಿಗೆ ನಿಲ್ಲಿಸಿರುವುದು ತಿಳಿಯಿತು. ಅಂದಿನಿಂದ ವಾರಕ್ಕೆರಡು ದಿನ ಪಟ್ಟಣದ ಸರ್ಕಾರಿ ಆಸ್ಪತ್ರೆಯಲ್ಲಿ ನಾಲ್ಕು ನಾಲ್ಕು ಗಂಟೆಗಳ ಕಾಲ ಡಯಾಲಿಸಿಸ್. ರೋಗದ ಕಥೆ ಇಷ್ಟೆ.

ನನ್ನ ಎಡ ಮುಂಗೈಯಲ್ಲಿ ಶುದ್ಧರಕ್ತದ ನಾಳವನ್ನೂ ಅಶುದ್ಧರಕ್ತದ ನಾಳವನ್ನೂ ಒಂದಕ್ಕೊಂದು ಸೇರಿಸಿ ಹೊಲಿದಿದ್ದಾರೆ. ಅದನ್ನು ಫಿಸ್ಟುಲಾ ಎನ್ನುತ್ತಾರೆ. ಅದರ ಮೇಲೆ ಬೆರಳಿಟ್ಟರೆ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತದೆ. ಆ ಸದ್ದು ನಿಂತರೆ ಕೂಡಲೇ ಆಸ್ಪತ್ರೆಗೆ ಬರಬೇಕೆಂದು ತಾಕೀತು ಮಾಡಿದ್ದಾರೆ. ಆದುದರಿಂದ ಬೆಳಿಗ್ಗೆ ಎದ್ದೊಡನೆ ಬೇರೆಯವರು ಅಂಗೈ ನೋಡಿಕೊಂಡರೆ ನಾನು ಮುಂಗೈ ಮುಟ್ಟಿ ನೋಡಿಕೊಳ್ಳುತ್ತೇನೆ.

ನಮ್ಮದು ತಿಪಟೂರಿನ ಕಡೆಯ ತೆಂಗಿನ ಸೀಮೆ. ಮನೆಯ ಸುತ್ತ ಎಳನೀರು ತೂಗುತ್ತಿರುವಾಗ ನಾನು ಒಂದು ಗುಟುಕು ಕುಡಿಯುವಂತಿಲ್ಲ. ಅದರಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ಅದನ್ನು ಹೊರಹಾಕುವ ಮೂತ್ರಪಿಂಡಗಳು ನನಗಿಲ್ಲ. ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯವೇ ನಿಂತುಹೋಗಬಹುದು. ಬಾಳೆಹಣ್ಣಿಗೂ ಅದೇ ಶಾಸನ. ನೀರನ್ನು ಕೂಡ ದಿನಕ್ಕಿಷ್ಟೆಂದು ಚೊಂಬಿನಲ್ಲಿ ಅಳೆದು ಕುಡಿಯುತ್ತೇನೆ. ತರಕಾರಿಯನ್ನು ಬೇಯಿಸಿ, ನೀರು ಬಸಿದು, ಬೆಂದದ್ದನ್ನು ಮಾತ್ರ ಮಿತವಾಗಿ ತಿನ್ನಬೇಕೆಂದು ಆಸ್ಪತ್ರೆಯಲ್ಲಿ ಹೇಳಿದಾಗ ಅವ್ವ ನಕ್ಕುಬಿಟ್ಟಳು. "ಇದೇನು ಹೊಸದಾ? ಬಸ್ಸಾರು ಮಾಡೋರ ಮನೇಲಿ ಇದನ್ನ ಹೇಳಿಕೊಡಬೇಕಾ?" ಹೀಗಾಗಿ ನಮ್ಮ ಮನೆಯಲ್ಲಿ ಒಂದೇ ಪಾತ್ರೆಯ ಅಡಿಗೆಯನ್ನು ಪಾಲು ಮಾಡಿಕೊಂಡಿದ್ದೇವೆ. ಬಸಿದ ನೀರಿನ ಸಾರು ಅಪ್ಪನಿಗೂ ತಮ್ಮನಿಗೂ, ಸಪ್ಪೆ ಪಲ್ಯ ನನಗೆ. ಸಾರಿನ ಒಗ್ಗರಣೆಯ ಪರಿಮಳಕ್ಕೆ ಮಾತ್ರ ಯಾವ ವೈದ್ಯರೂ ಪಥ್ಯ ಹೇಳಿಲ್ಲ.

ಚರಿತ್ರೆಯ ವಿದ್ಯಾರ್ಥಿನಿಯಾದುದರಿಂದ ನನ್ನನ್ನು ಬದುಕಿಸಿರುವ ಯಂತ್ರದ ಚರಿತ್ರೆಯನ್ನೂ ಓದಿದೆ. ಹಾಲೆಂಡ್ ದೇಶವನ್ನು ಜರ್ಮನರು ಆಕ್ರಮಿಸಿಕೊಂಡಿದ್ದ ಕಾಲದಲ್ಲಿ, 1943ರಲ್ಲಿ, ವಿಲೆಮ್ ಕೋಲ್ಫ್ ಎಂಬ ತರುಣ ವೈದ್ಯ ಕಾಂಪೆನ್ ಎಂಬ ಸಣ್ಣ ಊರಿನಲ್ಲಿ ಇದನ್ನು ಕಟ್ಟಿದ. ಮಾಂಸದ ತಿನಿಸನ್ನು ತುಂಬಲು ಬಳಸುತ್ತಿದ್ದ ಸೆಲೋಫೇನ್ ಕೊಳವೆಯನ್ನು ಒಂದು ಉರುಳೆಗೆ ಸುತ್ತಿ, ಅದರೊಳಗೆ ರೋಗಿಯ ರಕ್ತವನ್ನು ಹರಿಸಿದ. ಮೊದಮೊದಲು ಅವನ ಬಳಿಗೆ ಬಂದವರಲ್ಲಿ ಹೆಚ್ಚಿನವರು ಸತ್ತೇಹೋದರು. 1945ರಲ್ಲಿ 67 ವರ್ಷದ ಮುದುಕಿಯೊಬ್ಬಳು ಎಚ್ಚೆತ್ತು ಮಾತನಾಡಿದಳು. ಆ ಮುದುಕಿಯ ವಿಷಯ ಪುಸ್ತಕಗಳಲ್ಲಿದೆ. ಅವಳಿಗಿಂತ ಮೊದಲು ತೋಳು ಚಾಚಿ ಮಲಗಿ ಮತ್ತೆ ಏಳದವರನ್ನು ನೆನೆಯುವವರು ಕಡಮೆ. ಸೂಜಿ ಚುಚ್ಚುವಾಗ ಕಣ್ಣು ಮುಚ್ಚಿಕೊಂಡು ನಾನು ನೆನೆಯುವುದು ಅವರನ್ನು. ಇದು ಪ್ರಾರ್ಥನೆಯೋ ಅಲ್ಲವೋ, ಬಲ್ಲವರು ಹೇಳಬೇಕು.

ಡಯಾಲಿಸಿಸ್ ದಿನ ತಳ್ಳುವ ಉಪಾಯವೇ ಹೊರತು ರೋಗಕ್ಕೆ ಪರಿಹಾರವಲ್ಲ. ಮೂತ್ರಪಿಂಡದ ಕಸಿಯಾಗಬೇಕು ಎಂದು ವೈದ್ಯರು ಹೇಳಿದಾಗ ಅಪ್ಪ ತಲೆಯೆತ್ತಿದರು. ಅಲ್ಲಿಯವರೆಗೆ ಕೇಳಿದ ಪದಗಳಲ್ಲಿ ಅವರಿಗೆ ಗುರುತು ಸಿಕ್ಕಿದ್ದು ಅದೊಂದೇ. ನಮ್ಮ ತೋಟದ ಬದುವಿನಲ್ಲಿ ಅವರ ಕೈಯಾರೆ ಕಸಿ ಕಟ್ಟಿದ ಎರಡು ಮಾವಿನ ಮರಗಳಿವೆ. "ಕಸಿ ಅಂದ್ರೆ ನಂಗೊತ್ತು ಸ್ವಾಮಿ. ಎರಡೂ ಒಂದೇ ದಪ್ಪ ಇರಬೇಕು, ಗಾಳಿ ಹೋಗದ ಹಾಗೆ ಕಟ್ಟಬೇಕು, ಆಮೇಲೆ ಕಾಯಬೇಕು. ನಂದೇ ಒಂದು ತಗೊಳ್ಳಿ" ಎಂದರು. ವೈದ್ಯರು ನಗಲಿಲ್ಲ. ಮರದಲ್ಲಿ ನೋಡಬೇಕಾಗಿಲ್ಲದ ಒಂದನ್ನು ಮನುಷ್ಯರಲ್ಲಿ ನೋಡಬೇಕು, ರಕ್ತದ ಗುಂಪು ಎಂದು ತಿಳಿಯಹೇಳಿದರು. ಅಪ್ಪನದು ಬಿ, ಅವ್ವನದು ಎ, ನನ್ನದು ಓ. ಓ ಗುಂಪಿನವರು ಎಲ್ಲರಿಗೂ ಕೊಡಬಹುದು, ಪಡೆಯುವುದು ಮಾತ್ರ ಓ ಗುಂಪಿನವರಿಂದಲೇ. ಅವ್ವನಿಗೆ ಸಾಲದ್ದಕ್ಕೆ ಸಕ್ಕರೆ ಕಾಯಿಲೆ ಬೇರೆ. ಗುಂಪು ಕೂಡದಿದ್ದರೂ ಕಸಿ ಮಾಡುವ ಕ್ರಮವುಂಟು. ಅದರ ವೆಚ್ಚ ನಮ್ಮ ತೋಟದ ಬೆಲೆಗೂ ಮೀರಿದ್ದು. ತಮ್ಮನಿಗೆ ಇನ್ನೂ ಹದಿನಾಲ್ಕು. ಹದಿನೆಂಟು ತುಂಬದವರಿಂದ ತೆಗೆದುಕೊಳ್ಳಲು ಕಾನೂನು ಒಪ್ಪುವುದಿಲ್ಲ. ಆ ಕಾನೂನಿಗೆ ನಾನು ಋಣಿ. ಇಲ್ಲದಿದ್ದರೆ ಆ ಹುಡುಗ ಬೇಡವೆಂದರೂ ಕೇಳುತ್ತಿರಲಿಲ್ಲ.

ಊರಿನಲ್ಲಿ ಒಬ್ಬಿಬ್ಬರು ಅಪ್ಪನಿಗೆ ಬುದ್ಧಿ ಹೇಳಲು ಬಂದರು. ಹೆಣ್ಣುಮಗಳಿಗೆ ಇಷ್ಟೊಂದು ಖರ್ಚೇ, ಇರುವ ಗಂಡುಮಗನ ಗತಿಯೇನು ಎಂದರು. ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಂಗಸರು ಹೆಚ್ಚು, ಪಡೆಯುವವರಲ್ಲಿ ಗಂಡಸರು ಹೆಚ್ಚು ಎಂದು ಆಮೇಲೆ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಅಪ್ಪ ಬಂದವರಿಗೆ ಕಾಫಿ ಕೊಡಿಸಿ ಕಳಿಸಿದರು. ಅವರು ಕೊಟ್ಟ ಉತ್ತರ ಅಷ್ಟೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಎಂಬ ಹೆಮ್ಮೆ ಅವರಿಗಿದೆಯೆಂದು ಬಲ್ಲೆ. ಬಾಯಿಬಿಟ್ಟು ಅವರು ಎಂದೂ ಹೇಳಿಲ್ಲ.

ಹೀಗೆ ನನ್ನ ಹೆಸರು ರಾಜ್ಯದ 'ಜೀವಸಾರ್ಥಕತೆ' ಸಂಸ್ಥೆಯ ಪಟ್ಟಿಯಲ್ಲಿ ಸೇರಿತು. 1994ರ ಕಾನೂನಿನ ಪ್ರಕಾರ, ಮೆದುಳು ಸತ್ತು ಉಸಿರು ಯಂತ್ರದಿಂದ ಮಾತ್ರ ನಡೆಯುತ್ತಿರುವವರನ್ನು ನಾಲ್ವರು ವೈದ್ಯರು ಎರಡು ಸಲ, ನಡುವೆ ಆರು ಗಂಟೆಗಳಾದರೂ ಬಿಟ್ಟು, ಪರೀಕ್ಷಿಸಿ ಮರಣವನ್ನು ಸಾರಬೇಕು. ಆಮೇಲೆ ಮನೆಯವರು ಒಪ್ಪಬೇಕು. 2021ರ ಜೂನ್ ತಿಂಗಳಲ್ಲಿ ಕಡೂರು ಸೀಮೆಯ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ತೀರಿಕೊಂಡಾಗ ಅವರ ಮನೆಯವರು ಹಾಗೆ ಒಪ್ಪಿದ್ದರು. ಆಗ ನಾನು ಹೈಸ್ಕೂಲು ಹುಡುಗಿ. ಅಯ್ಯೋ ಪಾಪ ಎಂದು ಸುಮ್ಮನಾಗಿದ್ದೆ. ಪಡೆದುಕೊಂಡವರ ವಿಚಾರ ನನ್ನ ತಲೆಗೆ ಬಂದಿರಲೇ ಇಲ್ಲ.

ಪಟ್ಟಿಯಲ್ಲಿ ಹೆಸರು ಸೇರಿದ ಮೇಲೆ ನನ್ನ ಮನಸ್ಸಿಗೆ ಒಂದು ಕೆಟ್ಟ ಅಭ್ಯಾಸ ಹತ್ತಿತು. ಹೆದ್ದಾರಿಯಲ್ಲಿ ಅಪಘಾತವಾಯಿತೆಂದು ಕೇಳಿದೊಡನೆ ರಕ್ತದ ಗುಂಪು ಯಾವುದೋ ಎಂಬ ಯೋಚನೆ ಬರುತ್ತಿತ್ತು. ಒಂದು ದಿನ ಬಸ್ಸಿನಲ್ಲಿ, ಶಿರಸ್ತ್ರಾಣವಿಲ್ಲದೆ ಮೋಟಾರ್ ಸೈಕಲ್ ಓಡಿಸುತ್ತಿದ್ದ ತರುಣನೊಬ್ಬನನ್ನು ಕಿಟಕಿಯಿಂದ ನೋಡುತ್ತಾ ಹಾಗೆಯೇ ಯೋಚಿಸುತ್ತಿರುವುದು ಅರಿವಿಗೆ ಬಂದು ಮೈಯೆಲ್ಲ ಬೆವರಿತು. ಅಂದಿನಿಂದ ದೇವರಿಗೆ ಕೈಮುಗಿಯುವುದನ್ನು ಬಿಟ್ಟುಬಿಟ್ಟೆ. ಏನೆಂದು ಬೇಡಲಿ? ನನ್ನ ಬೇಡಿಕೆ ಈಡೇರಬೇಕಾದರೆ ಇನ್ನೊಂದು ಮನೆಯ ದೀಪ ಆರಬೇಕಲ್ಲ! ಅವ್ವ ಮಾತ್ರ ಕೆರೆ ಏರಿಯ ಅಮ್ಮನ ಗುಡಿಯ ಕಂಬಕ್ಕೆ ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ಪ್ರತಿ ಮಂಗಳವಾರವೂ ಹೋಗಿಬರುತ್ತಿದ್ದಳು. ಅದನ್ನು ಕಂಡರೆ ನನಗೆ ಒಳಗೊಳಗೇ ಸಿಟ್ಟು.

ಕಳೆದ ಕಾರ್ತಿಕದಲ್ಲಿ ಒಂದು ರಾತ್ರಿ ಹನ್ನೊಂದು ಗಂಟೆಗೆ ಫೋನು ಬಂದಿತು. ಏನನ್ನೂ ತಿನ್ನದೆ ಕೂಡಲೇ ಬೆಂಗಳೂರಿಗೆ ಬರಬೇಕೆಂದರು. ಸೋದರಮಾವ ಯಾರದೋ ಕಾರನ್ನು ತಂದರು. ಬೆಳಗಿನ ಜಾವಕ್ಕೆ ತಲುಪಿದಾಗ ಅಲ್ಲಿ ನನ್ನಂತೆಯೇ ಕರೆಸಿಕೊಂಡ ಇನ್ನೊಬ್ಬರಿದ್ದರು. ವೃತ್ತಿಯಿಂದ ದರ್ಜಿ, ನಾಲ್ಕು ವರ್ಷಗಳಿಂದ ಕಾದವರು. ಮೂತ್ರಪಿಂಡ ಒಂದು, ಕಾದವರು ಇಬ್ಬರು. ಮೊದಲಿನವರಿಗೆ ಹೊಂದದಿದ್ದರೆ ವೇಳೆ ಮೀರಬಾರದೆಂದು ಹೀಗೆ ಹೆಚ್ಚಿಗೆ ಒಬ್ಬರನ್ನು ಕರೆಸಿರುತ್ತಾರೆ. ದಾನಿಯ ರಕ್ತಕಣಗಳೊಡನೆ ನಮ್ಮ ರಕ್ತವನ್ನು ಬೆರೆಸಿ ನೋಡುವ ಪರೀಕ್ಷೆ ಮುಗಿಯುವವರೆಗೆ ಒಂದೇ ಬೆಂಚಿನಲ್ಲಿ ಕುಳಿತೆವು. ಅವರಿಗೆ ಹೊಂದಿತು. ಅವರ ಹೆಂಡತಿ ಬಂದು ಅವ್ವನ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಮಗಳಿಗೂ ಆಗ್ತದೆ ಕಣಕ್ಕ" ಎಂದು ಅತ್ತರು. ನನಗೆ ಆಗ ಅಸೂಯೆಯಾಯಿತು. ಬರೆದಮೇಲೆ ಮುಚ್ಚಿಡಬಾರದು, ಬಹಳ ಅಸೂಯೆಯಾಯಿತು.

ಮಧ್ಯಾಹ್ನ ಮನೆ ಮುಟ್ಟಿದಾಗ ಅವ್ವ ಒಳಗೆ ಬರಲಿಲ್ಲ. ಹಿತ್ತಿಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡಳು. ನನಗೂ ಹಾಗೆಯೇ ಮಾಡೆಂದಳು. "ಯಾಕವ್ವ?" ಎಂದೆ. "ಸಾವಿನ ಮನೆಯಿಂದ ಬಂದೋರು ಸ್ನಾನ ಮಾಡದೆ ಒಲೆ ಮುಟ್ತಾರಾ?" ಎಂದಳು. ಅಂದು ಒಲೆ ಹಚ್ಚಲಿಲ್ಲ. ಪಕ್ಕದ ಮನೆಯವರು ಅನ್ನ ಕೊಟ್ಟರು. ಹೆಸರು, ಊರು, ಗಂಡೋ ಹೆಣ್ಣೋ ಒಂದನ್ನೂ ತಿಳಿಯದ ಒಬ್ಬರಿಗಾಗಿ, ನಮಗೆ ಏನನ್ನೂ ಕೊಡದೆ ಹೋದ ಒಬ್ಬರಿಗಾಗಿ, ನಮ್ಮ ಮನೆಯಲ್ಲಿ ಸೂತಕ.

ಸಂಜೆ ಜಗಲಿಯ ಮೇಲೆ ಕುಳಿತಾಗ, ಇಷ್ಟು ದಿನ ನುಂಗಿಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. "ಅವ್ವ, ಆ ಮುಡಿಪು ಕಟ್ಟಿದೆಯಲ್ಲ, ಯಾರಾದರೂ ಸಾಯಲಿ ಅಂತಲೇ ಅಲ್ಲವಾ?" ಅವ್ವ ನನ್ನನ್ನು ಬೈಯುವಳೆಂದುಕೊಂಡೆ. ಬೈಯಲಿಲ್ಲ. "ಹುಚ್ಚೀ, ಯಾರನ್ನೂ ಕರಕೊಂಡು ನನ್ನ ಮಗಳಿಗೆ ಕೊಡು ಅಂತ ಯಾವ ತಾಯೀನಾದರೂ ಕೇಳ್ತಾಳಾ? ಹೋಗೋ ಗಳಿಗೆ ಆ ತಾಯಿಗೆ ಗೊತ್ತು. ಆ ಹೊತ್ತಿನಲ್ಲಿ ಮನೆಯವರಿಗೆ ಕೊಡೋ ಮನಸ್ಸು ಕೊಡವ್ವ ಅಂತ ಕೇಳ್ಕೊಂಡಿದೀನಿ. ಅವರ ಹೊಟ್ಟೆ ತಣ್ಣಗಿಡು ಅಂತಲೂ ಕೇಳ್ಕೊಂಡಿದೀನಿ" ಎಂದಳು.

ಮುಂದಿನ ಮಂಗಳವಾರ ನಾನೂ ಕೆರೆ ಏರಿಗೆ ಹೋದೆ. ಈಗಲೂ ಡಯಾಲಿಸಿಸ್ ಇಲ್ಲದ ದಿನ ಹೋಗುತ್ತೇನೆ. ಆ ದರ್ಜಿಯವರಿಗೆ ಒಳ್ಳೆಯದಾಗಲೆಂದೂ ಒಂದು ಮಾತು ಸೇರಿಸುತ್ತೇನೆ. ಅದನ್ನು ಮನಸಾರೆ ಹೇಳಲು ನನಗೆ ಮೂರು ವಾರ ಹಿಡಿಯಿತು.

ಬರುವ ತಿಂಗಳು ನಮ್ಮ ಅಂತಿಮ ಪರೀಕ್ಷೆ. ಪರೀಕ್ಷಾ ಮಂದಿರದೊಳಕ್ಕೆ ಫೋನನ್ನು ಒಯ್ಯುವಂತಿಲ್ಲ. ನನ್ನ ಫೋನೋ ಗಳಿಗೆಯೂ ಕಿವಿಯ ಹತ್ತಿರದಲ್ಲಿರಬೇಕಾದದ್ದು. ಅವ್ವ ಅದಕ್ಕೊಂದು ದಾರಿ ಕಂಡುಕೊಂಡಿದ್ದಾಳೆ. ಪರೀಕ್ಷೆ ಮುಗಿಯುವವರೆಗೆ ಕಾಲೇಜಿನ ಮುಂದಿನ ಹೊಂಗೆಮರದ ಕೆಳಗೆ ಫೋನು ಹಿಡಿದು ಕೂರುತ್ತಾಳಂತೆ. ಅವಳಿಗೆ ಓದಲು ಬರುವುದಿಲ್ಲ. ಹಸಿರು ಬಣ್ಣದ್ದನ್ನು ಒತ್ತಬೇಕೆಂದು ತಮ್ಮ ಹೇಳಿಕೊಟ್ಟಿದ್ದಾನೆ. ದಿನಕ್ಕೆರಡು ಸಲ ಅವನು ತೋಟದಿಂದ ಕರೆ ಮಾಡುತ್ತಾನೆ, ಅವಳು ಒತ್ತಿ ಕಲಿಯುತ್ತಿದ್ದಾಳೆ.