ಹೆಬ್ಬೆಟ್ಟು ಮತ್ತು ಬಯೋಡೇಟಾ

ನಮ್ಮಪ್ಪ ಅಕ್ಷರ ಕಾಣದವನು. ಮದುವೆ ಸಾಲಕ್ಕೆ ಊರ ಧಣಿ ಮುಂದೆ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಅದರಲ್ಲಿ ಏನು ಬರೆದಿತ್ತು ಅಂತ ಸಾಯೋವರೆಗೂ ಅವನಿಗೆ ಗೊತ್ತಾಗಲಿಲ್ಲ. 1976ರಲ್ಲಿ ಜೀತ ರದ್ದಿನ ಕಾಯಿದೆ ಬಂತು. ಕಾಗದ ಮಾತ್ರ ಧಣಿ ಪೆಟ್ಟಿಗೆಯಲ್ಲೇ ಉಳೀತು. ಅದಕ್ಕೇ ನನ್ನನ್ನು ಓದಿಸಿದ. 'ಓದ್ದೋನ ಕೈ ಹಿಡ್ದು ಯಾರೂ ಒತ್ತಿಸ್ಕೊಳಾಕಾಗಲ್ಲ ಕಣ ಮಗ' ಅಂತಿದ್ದ.

2016ರಲ್ಲಿ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಲೆಕ್ಕ ಬರೀತಿದ್ದೆ. ಸಂಬಳ ಸಾಲದೆ ಕೆಲಸ ಕೊಡಿಸುವ ಒಂದು ಏಜೆನ್ಸಿಗೆ ಹೋದೆ. ಬಯೋಡೇಟಾ, ಅಂಕಪಟ್ಟಿ, ಜೊತೆಗೆ ಜಾತಿ ಪತ್ರ ಕೇಳಿದರು. 'ಖಾಸಗಿಯಲ್ಲಿ ಮೀಸಲಾತಿಯೇ ಇಲ್ವಲ್ಲ, ಜಾತಿ ಪತ್ರ ಯಾಕೆ?' ಅಂದೆ. 'ಫೈಲಿಗೆ' ಅಂದರು. ಕೊಟ್ಟೆ.

ತಿಂಗಳಾದ ಮೇಲೆ ನಮ್ಮ ಮ್ಯಾನೇಜರ್ ಒಳಗೆ ಕರೆದ. ಮೇಜಿನ ಮೇಲೆ ನನ್ನದೇ ಬಯೋಡೇಟಾ, ಕೆಳಗೆ ಜಾತಿ ಪತ್ರ. ಏಜೆನ್ಸಿಯವನು ಸಿಕ್ಕಸಿಕ್ಕ ಕಂಪನಿಗೆಲ್ಲ ಕಳಿಸುತ್ತ ನಾನಿದ್ದ ಕಂಪನಿಗೂ ಕಳಿಸಿದ್ದ! 'ಬಿಟ್ಟು ಹೋಗ್ತೀಯಂತೆ?' ಅಂದ ಮ್ಯಾನೇಜರ್. ಮಾರನೆ ದಿನದಿಂದ ಮಧ್ಯಾಹ್ನದ ಊಟಕ್ಕೆ ಇಬ್ಬರು ಗೆಳೆಯರು ಬೇರೆ ಮೇಜಿಗೆ ಹೋದರು. ಯಾರೂ ಏನೂ ಅನ್ನಲಿಲ್ಲ. ಡಬ್ಬಿ ಎತ್ತಿಕೊಂಡು ಹೋದರು, ಅಷ್ಟೆ. ಮೂರು ತಿಂಗಳಿಗೆ ನಾನೂ ಎದ್ದೆ.

ನನ್ನ ಜಾತಿ ಬಚ್ಚಿಡುವಂಥದ್ದಲ್ಲ. ಆದರೆ ಹೇಳಬೇಕಾದವನು ನಾನು. ಯಾವಾಗ, ಯಾರ ಮುಂದೆ ಅನ್ನೋದು ನನ್ನ ಮಾತು.

ಹೋಗಿ ಕೇಳಿದರೆ ಏಜೆನ್ಸಿಯವನು 'ನಿಮ್ಮ ಒಳ್ಳೇದಕ್ಕೇ ಕಳ್ಸಿದ್ದು' ಅಂದ. ಧಣಿಯೂ ಅಪ್ಪನಿಗೆ ಹಾಗೇ ಅಂದಿದ್ದ.

ಈ ವ್ಯಾಪಾರ ನಾವು ತಿಳಿಯಬೇಕು. ಏಜೆಂಟನಿಗೆ ದುಡ್ಡು ಕೊಡುವವನು ಸಾಮಾನ್ಯವಾಗಿ ಮಾಲೀಕ, ಅದೂ ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲೆ. ಹಾಗಾಗಿ ಮೊದಲು ಕಳಿಸಿದವನದೇ ಹಕ್ಕು ಅಂತ ಓಟ. ಒಬ್ಬನದೇ ಬಯೋಡೇಟಾ ಇಬ್ಬರು ಏಜೆಂಟರಿಂದ ಬಂದರೆ ಕಮಿಷನ್ನಿನ ಜಗಳ ಬೇಡವೆಂದು ಕಂಪನಿ ಆ ಹೆಸರನ್ನೇ ಬದಿಗಿಡುವುದೂ ಉಂಟು. ಅವರ ಓಟದಲ್ಲಿ ಬೀಳುವವರು ನಾವು. ಕೇಳಿಯೇ ಕಳಿಸುವ ಏಜೆಂಟರೂ ಇದ್ದಾರೆ. ಅದಕ್ಕೆ ಬೇಕಾದ್ದು ಒಂದು ಫೋನು.

ಹೆಸರೊಂದೇ ಸಾಕು ಬಾಗಿಲು ಮುಚ್ಚಲು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿ ನೋಡಿದರು. ಮೇಲ್ಜಾತಿ ಹೆಸರಿಗಿಂತ ದಲಿತ ಹೆಸರಿಗೆ ಕರೆ ಕಡಿಮೆ, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಹೆಸರಿಗೇ ಹೀಗಾದರೆ, ಜಾತಿ ಪತ್ರವನ್ನೇ ಲಗತ್ತಿಸಿ ಕಳಿಸಿದರೆ?

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಆಯಿತು. ಒಪ್ಪಿಗೆ ಮುಕ್ತವಾಗಿರಬೇಕು, ಯಾವುದಕ್ಕೆ ಅಂತ ಸ್ಪಷ್ಟವಾಗಿರಬೇಕು, ಹಿಂದಕ್ಕೆ ಪಡೆಯಲೂ ಬರಬೇಕು, ಕನ್ನಡದಲ್ಲಿ ಓದಿ ತಿಳಿಯುವ ಅವಕಾಶವೂ ಇರಬೇಕು ಅನ್ನುತ್ತದೆ. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಒಪ್ಪಿಗೆಯ ಕಲಮುಗಳಿಗೆ ಅಲ್ಲಿಂದ ಇನ್ನೂ 18 ತಿಂಗಳ ವಾಯಿದೆ ಕೊಟ್ಟರು. 2019ರ ಮಸೂದೆಯಲ್ಲಿ ಜಾತಿಯನ್ನು ಸೂಕ್ಷ್ಮ ಮಾಹಿತಿ ಅಂತ ಬೇರೆಯಾಗಿ ಹೆಸರಿಸಿದ್ದರು. 2023ರ ಕಾಯಿದೆಯಲ್ಲಿ ಆ ವಿಂಗಡಣೆಯೇ ಇಲ್ಲ. ಯಾರಿಗೆ ಅದು ಸೂಕ್ಷ್ಮ ಅಂತ ಊಟದ ಡಬ್ಬಿಗೆ ಗೊತ್ತು, ಕಾಯಿದೆಗೆ ಗೊತ್ತಿಲ್ಲ.

ಈಗ ನಮ್ಮ ತಾಲ್ಲೂಕಿನ ಹುಡುಗ ಹುಡುಗಿಯರಿಗೆ ಅರ್ಜಿ ಬರೆಯೋದು ಹೇಳಿಕೊಡ್ತೀನಿ. ಬಯೋಡೇಟಾದ ತಲೆಯಲ್ಲೇ ಬರೆಸ್ತೀನಿ: 'ನನ್ನನ್ನು ಕೇಳದೆ ಯಾವ ಕಂಪನಿಗೂ ಕಳಿಸಬಾರದು.' ಯಾವ ಕಂಪನಿ, ಯಾವ ಕೆಲಸ, ಯಾವ ಯಾವ ಕಾಗದ ಅಂತ ಪ್ರತಿ ಸಲ ಕೇಳಿ ಅಂತೀನಿ. ಖಾಸಗಿ ಕೆಲಸದ ಏಜೆಂಟನಿಗೆ ಜಾತಿ ಪತ್ರ ಕೊಡಬೇಡಿ ಅಂತೀನಿ. ಮೇಷ್ಟ್ರುಗಳೇ, ರಜೆ ಅರ್ಜಿ ಕಲಿಸುವಾಗ ಇದನ್ನೂ ಕಲಿಸಿ.

ಅಪ್ಪನಿಗೆ ಮೋಸ ಮಾಡಿದವರು ಅವನ ಹೆಬ್ಬೆಟ್ಟನ್ನಾದರೂ ಕೇಳಿದ್ದರು. ಓದಿದ ಮಗನನ್ನು ಅದನ್ನೂ ಕೇಳಲಿಲ್ಲ.