ಹಳೆಯ ಮನೆಯ ಅಗಳಿ

ಗಣಕಯಂತ್ರಕ್ಕೆ ಬ್ರೌಸರ್ ಎಂಬುದು ತಲೆಬಾಗಿಲಿದ್ದಂತೆ. ನೆಂಟರೂ ಅಪರಿಚಿತರೂ ಅದರ ಮೂಲಕವೇ ಒಳಬರುವರು. ಅದರಲ್ಲೊಂದು ಬಿರುಕನ್ನು ಕಂಡು ತಯಾರಕರು ದುರಸ್ತಿಯನ್ನು ಪ್ರಕಟಿಸಿದೊಡನೆ, ದುರಸ್ತಿ ದೊರೆಯದ ಮನೆಗಳಲ್ಲಿ ಬಿರುಕು ಎಲ್ಲಿರುವುದೆಂದು ಕಳ್ಳರಿಗೂ ತಿಳಿದುಹೋಗುವುದು. ಬಳಸುವವರು ವಿರಳವಾದ ಯಂತ್ರಗಳ ಸಂಕಟ ಇದೇ.

ಆಪಲ್ ಸಂಸ್ಥೆಯು 2006ರಲ್ಲಿ ಪವರ್‌ಪಿಸಿ ಮ್ಯಾಕಿಂಟಾಷ್‌ಗಳ ತಯಾರಿಕೆಯನ್ನು ನಿಲ್ಲಿಸಿತು. 2011ರಲ್ಲಿ ಹೊರಬಂದ ಫೈರ್‌ಫಾಕ್ಸ್ 4 ಸಹ ಅವುಗಳ ಕೈಬಿಟ್ಟಿತು. ಯಂತ್ರಗಳಾದರೋ ಗಟ್ಟಿಮುಟ್ಟಾಗಿಯೇ ಇದ್ದುವು. ಅಮೆರಿಕದ ಕ್ಯಾಮೆರಾನ್ ಕೈಸರ್ ಎಂಬವರು ಫೈರ್‌ಫಾಕ್ಸಿನ ಮುಕ್ತ ಮೂಲವನ್ನು ತೆಗೆದುಕೊಂಡು ಆ ಯಂತ್ರಗಳಿಗೆ ಒಗ್ಗಿಸಿ, ಅದಕ್ಕೆ ‘ಟೆನ್‌ಫೋರ್‌ಫಾಕ್ಸ್’ ಎಂದು ಹೆಸರಿಟ್ಟರು. 45ನೆಯ ಆವೃತ್ತಿಯಿಂದಾಚೆಗೆ ಮೂಲದ ಜೊತೆಯಲ್ಲಿ ಸಾಗುವುದು ದುಸ್ಸಾಧ್ಯವಾಗಲು, ಮುಂದಿನ ಆವೃತ್ತಿಗಳ ಭದ್ರತೆಯ ತಿದ್ದುಪಡಿಗಳನ್ನು ಆಯ್ದು ಹಳೆಯದಕ್ಕೇ ಹೊಲಿಯುತ್ತ ಬಂದರು. ಹತ್ತು ವರ್ಷಗಳ ಕಾಲ, ಬಹುಮಟ್ಟಿಗೆ ಒಬ್ಬರ ಶ್ರದ್ಧೆಯೇ ಅಷ್ಟು ಮನೆಗಳ ಅಗಳಿಯಾಗಿದ್ದಿತು.

2021ರಲ್ಲಿ ಕ್ರಮವಾದ ಬಿಡುಗಡೆಗಳು ನಿಂತುವು. ತಾವೇ ಕಟ್ಟಿಕೊಳ್ಳಬಲ್ಲವರಿಗೆ ಮೂಲ ಮಾತ್ರ ಉಳಿಯಿತು. ಕಾವಲಿಲ್ಲದ ಬಾಗಿಲಿನ ಮುಂದೆ ಹಣದ ಗಂಟನ್ನು ಬಿಚ್ಚಲಾಗದು. ಅಂತಹ ಯಂತ್ರದಲ್ಲಿ ಬರೆಹವನ್ನೋ ಸಂಗೀತವನ್ನೋ ಇರಿಸಿಕೊಂಡು, ಬ್ಯಾಂಕಿನ ವ್ಯವಹಾರವನ್ನು ಬೇರೆಡೆ ನಡೆಸುವುದೇ ಹಳೆಯ ಒಡನಾಡಿಗೆ ತೋರುವ ಗೌರವವೂ ಗೃಹಸ್ಥನ ವಿವೇಕವೂ ಆಗಿರುವುದು.